ಹುಣಸೆಹಣ್ಣಿನಲ್ಲಿ ತೊಳೆದ ಚೈನು

ಬೆಳಗಿನ ಆರು ಗಂಟೆಗೆ ಲಂಡನ್ನಿನ ಕೊಲಿಂಡೇಲಿನಲ್ಲಿ ಇನ್ನೂ ಪೂರ್ತಿ ಕತ್ತಲೆ. ಹೊಸ ಫ್ಲ್ಯಾಟುಗಳನ್ನು ಕಟ್ಟುತ್ತಿರುವ ಕ್ರೇನಿನ ತುದಿಯಲ್ಲಿ ಒಂದು ಕೆಂಪು ದೀಪ, ಟ್ಯೂಬ್ ಸ್ಟೇಷನ್ನಿನ ಬಾಗಿಲಲ್ಲಿ ನಿದ್ದೆಗಣ್ಣಿನ ನಾಲ್ಕು ಜನ, ಅಷ್ಟೇ ಊರು. ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ, ಟೈರಿನ ಅಂಗಡಿಯ ಪಕ್ಕದಲ್ಲಿ, ತಗಡಿನ ಮಾಡಿನ ಒಂದು ಶೆಡ್ಡು ಇದೆ. ಅದರ ಶಟರನ್ನು ಸೊಂಟದವರೆಗೆ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ ವಿಶಾಲಾಕ್ಷಿ ಬಸವಂತಪ್ಪ. ಐವತ್ತು ದಾಟಿದ ಹೆಂಗಸು. ಚೂಡಿದಾರದ ಮೇಲೆ ಗಂಡನ ಸ್ವೆಟರು, ಸ್ವೆಟರಿನ ಮೇಲೆ ನೀಲಿ ಏಪ್ರನ್ನು. ಹೀಟರಿನ ಗುಂಡಿ ಒತ್ತಿ, ಅದು ಬಿಸಿಯಾಗುವ ತನಕ ಕಾಯುವ ಗೋಜಿಗೆ ಹೋಗದೆ ಮೇಜಿನ ಮುಂದೆ ಕೂರುತ್ತಾರೆ.

ಮೇಜಿನ ಮೇಲೆ ಸುರುಳಿ ಸುತ್ತಿದ ಹೊಸ ಚೈನು ಇದೆ. ಹೌನ್ಸ್ಲೋ ಕಡೆಯ ಒಂದು ಲಾಂಡ್ರಿಗೆ ಹೋಗಬೇಕಾದದ್ದು. ವಿಮಾನದಲ್ಲಿ ಜನ ಹೊದ್ದು ಬಿಸುಟ ಕಂಬಳಿಗಳನ್ನು ಒಣಗಿಸುವ ಯಂತ್ರ ಅಲ್ಲಿ ನಿನ್ನೆ ಸಂಜೆ ನಿಂತುಹೋಗಿದೆ. ಎಂಟಕ್ಕೆ ವ್ಯಾನು ಬರುತ್ತದೆ. ಅಷ್ಟರೊಳಗೆ ಚೈನನ್ನು ಅಳತೆಗೆ ತಕ್ಕಂತೆ ತುಂಡರಿಸಿ, ಕೂಡಿಸುವ ಕೊಂಡಿಯನ್ನೂ ಜೊತೆಗಿಟ್ಟು ಕೊಡಬೇಕು. ಲಂಡನ್ನಿನ ವಾಯವ್ಯ ದಿಕ್ಕಿನ ಬೇಕರಿ, ಲಾಂಡ್ರಿ, ಬಾಟ್ಲಿ ತುಂಬುವ ಕಾರ್ಖಾನೆ, ವಿಮಾನ ನಿಲ್ದಾಣದ ಸಾಮಾನಿನ ಬೆಲ್ಟು, ಇವುಗಳಲ್ಲಿ ತಿರುಗುತ್ತಿರುವ ಎಷ್ಟೋ ಚೈನುಗಳು ಈ ಹೆಂಗಸಿನ ಬೆರಳಿನ ಕೆಳಗೆ ಹಾದುಹೋಗಿವೆ. ಹಾಗಂತ ಅವರ ಹೆಸರು ಕೇಳಿದವರು ಯಾರು? ಕಿಂಗ್ಸ್‌ಬರಿಯ ಯುಗಾದಿ ಊಟದ ಸಾಲಿನಲ್ಲಿ ಎದುರಿಗೆ ಕೂತ ಡಾಕ್ಟರಮ್ಮನವರಿಗೂ ಅವರು ಲ್ಯಾಬ್ ಬಸವಂತಪ್ಪನವರ ಹೆಂಡತಿ, ಅಷ್ಟೇ.

ಸೈಕಲ್ಲಿನ ಚೈನು ನೋಡದವರಿಲ್ಲ. ಆದರೆ ಅದರ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ತಡವರಿಸದವರು ಕಡಿಮೆ. ವಿಶಾಲಾಕ್ಷಿ ಒಂದು ತುಂಡನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

“ಇದು ಒಳಗಿನ ಕೊಂಡಿ ನೋಡ್ರಿ. ಎರಡು ಪಟ್ಟಿ, ಅವುಗಳ ನಡುವ ಎರಡು ಬುಷ್, ಅಂದ್ರ ಸಣ್ಣ ಕೊಳವಿ. ಬುಷ್ ಪಟ್ಟಿಗೆ ಬಿಗದು ಕೂತಿರತೈತಿ, ಅಳ್ಳಾಡಂಗಿಲ್ಲ. ಅದರ ಮ್ಯಾಲೆ ರೋಲರ್ ಮಾತ್ರ ಆರಾಮ ತಿರಗತೈತಿ, ಕೈಯಾಗ ಬಳಿ ತಿರಗಿದಂಗ. ಚಕ್ರದ ಹಲ್ಲು ಮುಟ್ಟೂದು ಈ ರೋಲರಿಗೆ. ಇನ್ನ ಇದು ಹೊರಗಿನ ಕೊಂಡಿ. ಇದಕ್ಕೂ ಎರಡು ಪಟ್ಟಿ, ಆದ್ರ ಬುಷ್ ಇಲ್ಲ, ಎರಡು ಪಿನ್. ಆ ಪಿನ್ ಬುಷ್ಷಿನ ಒಳಗ ಹೊಕ್ಕು ಆಚಿ ಕಡೆ ಬಂದು, ತಲಿ ಬಡಿಸ್ಕೊಂಡು ಕೂಡತೈತಿ. ಒಳಗಿಂದು ಒಂದು, ಹೊರಗಿಂದು ಒಂದು, ಹಿಂಗ ಉದ್ದಕ. ಪಿನ್ನಿಗೂ ಬುಷ್ಷಿಗೂ ನಡುವ ಕೂದಲಷ್ಟ ಜಾಗ. ಚೈನಿನ ಜೀವ ಇರೂದು ಅಲ್ಲೇ. ಅಲ್ಲಿ ಎಣ್ಣಿ ಐತಿ ಅಂದ್ರ ಬದಕತೈತಿ, ಇಲ್ಲಂದ್ರ ಇಲ್ಲ.”

ಮಾತಾಡುತ್ತಲೇ ಕೈ ಕೆಲಸ ಮಾಡುತ್ತಿದೆ. ಬೇಕಾದ ಉದ್ದಕ್ಕೆ ಗುರುತು ಹಾಕಿ, ಅಲ್ಲಿನ ಹೊರಕೊಂಡಿಯನ್ನು ಪ್ರೆಸ್ಸಿನ ಬಾಯಿಗೆ ಕೊಟ್ಟು, ಹಿಡಿಕೆಯ ಮೇಲೆ ಮೈಭಾರ ಹಾಕುತ್ತಾರೆ. ಪಿನ್ನು ಟಕ್ಕೆಂದು ಹೊರಗೆ ಜಾರುತ್ತದೆ. ಕಿತ್ತ ಕೊಂಡಿ ಸೀದಾ ಗುಜರಿ ಡಬ್ಬಕ್ಕೆ. ಒಮ್ಮೆ ಹೊರಬಂದ ಪಿನ್ನು ಮತ್ತೆ ಮೊದಲಿನ ಹಾಗೆ ಬಿಗಿಯಾಗಿ ಕೂರುವುದಿಲ್ಲವಂತೆ. ಎರಡು ತುದಿಯಲ್ಲೂ ಒಳಕೊಂಡಿ ಉಳಿದಾಗ ನಡುವೆ ಕೂಡಿಸುವ ಕೊಂಡಿ ಬರುತ್ತದೆ. ಎರಡು ಪಿನ್ನು ನೆಟ್ಟ ಒಂದು ಪಟ್ಟಿ, ಎದುರಿಗೆ ಬಿಡಿ ಪಟ್ಟಿ, ಅದು ಕಳಚದಂತೆ ತಡೆಯಲು ಉಗುರಿನಷ್ಟು ದೊಡ್ಡ ಉಕ್ಕಿನ ಕ್ಲಿಪ್ಪು. ಕ್ಲಿಪ್ಪಿಗೆ ಒಂದು ಕಡೆ ಬಾಯಿ ತೆರೆದಿರುತ್ತದೆ, ಇನ್ನೊಂದು ಕಡೆ ಮುಚ್ಚಿರುತ್ತದೆ. ಚೈನು ಓಡುವ ದಿಕ್ಕಿಗೆ ಮುಚ್ಚಿದ ಕಡೆ ಇರಬೇಕು. ತಿರುಗುಮುರುಗಾಗಿ ಹಾಕಿದರೆ ಎಲ್ಲಿಗೋ ತಗುಲಿ, ಕ್ಲಿಪ್ಪು ಹಾರಿಹೋಗಿ, ಅದರ ಹಿಂದೆಯೇ ಚೈನೂ ಹೋಗುತ್ತದೆ.

“ಕೊಂಡಿ ಯಾವಾಗಲೂ ಜೋಡಿ ಲೆಕ್ಕದಾಗ ಬರಬೇಕು. ಬೆಸ ಬಂತು ಅಂದ್ರ ಅರ್ಧಕೊಂಡಿ ಅಂತ ಒಂದು ಹಾಕತಾರ, ಪಟ್ಟಿ ಸೊಟ್ಟ ಇರತೈತಿ. ಅದು ಸೋಲತೈತಿ. ಗಿರಾಕಿಗೆ ನಾ ಹೇಳಿಬಿಡತೀನಿ, ಮೋಟರ್ ಜರಾ ಸರಸ್ರಿ, ಅರ್ಧಕೊಂಡಿ ಮಾತ್ರ ನನ್ನ ಕಡಿಂದ ಕೇಳಬ್ಯಾಡ್ರಿ ಅಂತ.”

ಈ ಖಡಾಖಂಡಿತ ಮಾತು ಎಲ್ಲಿಂದ ಬಂತು ಎಂದು ಕೇಳಿದರೆ ಅವರು ಪ್ರೆಸ್ಸಿನಿಂದ ಕೈ ತೆಗೆಯುತ್ತಾರೆ. ಆಮೇಲೆ ಒಂದು ಕಥೆ ಹೇಳುತ್ತಾರೆ. ಅದನ್ನು ಬಚ್ಚಿಡದೆ ಬರೆಯಬೇಕು ಎನ್ನುವುದು ಅವರದ್ದೇ ಷರತ್ತು.

ವಿಶಾಲಾಕ್ಷಿ ನವಲಗುಂದದವರು. ಗಂಡ ಬಸವಂತಪ್ಪ ಧಾರವಾಡದ ಡಾಕ್ಟರೊಬ್ಬರ ಶಿಫಾರಸಿನಿಂದ ಇಲ್ಲಿನ ಆಸ್ಪತ್ರೆಯ ಲ್ಯಾಬಿಗೆ ಸೇರಿದಾಗ, ಮಗಳು ಗಾರ್ಗಿಯನ್ನು ಕರೆದುಕೊಂಡು ಹಿಂದೆಯೇ ಬಂದರು. ಬಂದ ಹೊಸದರಲ್ಲಿ ಇಂಗ್ಲಿಷಿನಲ್ಲಿ ಅವರಿಗೆ ಬರುತ್ತಿದ್ದದ್ದು ಥ್ಯಾಂಕ್ಯೂ ಮತ್ತು ಸಾರಿ ಎರಡೇ. ಪೋಸ್ಟಾಫೀಸಿನ ಕಿಟಕಿಯಲ್ಲಿ ಅಂಟಿಸಿದ್ದ ಚೀಟಿಯನ್ನು ಓದಿ ಹೇಳಿದವಳು ಮಗಳು. ಶೆಡ್ಡಿನ ಯಜಮಾನ ಡೆರಿಕ್ ಬೆರಳು ಚುರುಕಾದ ಒಬ್ಬರನ್ನು ಹುಡುಕುತ್ತಿದ್ದ. ನೋಡಲು ಬಂದ ವಿಶಾಲಾಕ್ಷಿಯ ಮುಂದೆ ಒಂದು ಬಟ್ಟಲು ಕ್ಲಿಪ್ಪು ಸುರಿದ. ಒಂದಕ್ಕೊಂದು ಸಿಕ್ಕಿಕೊಂಡಿದ್ದ ಆ ರಾಶಿಯನ್ನು ಅಕ್ಕಿ ಆರಿಸುವಷ್ಟೇ ನಿರಾಳವಾಗಿ ಆಕೆ ಬಿಡಿಸಿಟ್ಟಾಗ, ನಾಳೆಯಿಂದ ಬಾ ಎಂದ. ಅದು ತೊಂಬತ್ತಮೂರನೆಯ ಇಸವಿ.

ಮೊದಲ ಚಳಿಗಾಲದಲ್ಲಿ ಬೆರಳ ತುದಿಗಳು ಒಡೆದವು. ಉಗುರಿನ ಸಂದಿಗೆ ಹೊಕ್ಕ ಕರಿ ಎಷ್ಟು ತಿಕ್ಕಿದರೂ ಹೋಗಲಿಲ್ಲ. ಮದುವೆ ಮುಂಜಿಗಳಲ್ಲಿ ಕೈಯನ್ನು ಸೆರಗಿನ ಒಳಗೇ ಇಟ್ಟುಕೊಂಡು ತಿರುಗಿದರು. ಗಾರ್ಗಿ ಕನ್ನಡವನ್ನು ಚೆನ್ನಾಗಿ ಕೇಳಿಸಿಕೊಂಡು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುವ ಹುಡುಗಿ. “ಅಮ್ಮಾ, ನೋಬಡಿ ಈಸ್ ಲುಕಿಂಗ್,” ಎನ್ನುತ್ತಿದ್ದಳಂತೆ. ನಿಜಕ್ಕೂ ಯಾರೂ ನೋಡುತ್ತಿರಲಿಲ್ಲ. ಮಗಳು ಸಮಾಧಾನಕ್ಕೆಂದು ಹೇಳಿದ ಆ ಮಾತೇ ತಾಯಿಗೆ ಹೆಚ್ಚು ನೋವು ಕೊಟ್ಟದ್ದು ಮಗಳಿಗೆ ಗೊತ್ತಿಲ್ಲ.

ಹೀಗಿರುವಾಗ ತೊಂಬತ್ತೇಳರ ದಸರೆಗೆ ಒಂದು ಕರೆ ಬಂತು. ಕಿಂಗ್ಸ್‌ಬರಿಯಲ್ಲಿ ಮೈಸೂರಿನ ಕೃಷ್ಣಪ್ರಸಾದ ಎಂಬುವವರು ಚಪಾತಿ ಮಾಡಿ ಅಂಗಡಿಗಳಿಗೆ ಕಳಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದರು. ಅಲ್ಲಿ ಕಲಸಿದ ಹಿಟ್ಟಿನ ತೊಟ್ಟಿಯನ್ನು ತಲೆಗಿಂತ ಮೇಲಕ್ಕೆ ಎತ್ತಿ, ಲಟ್ಟಿಸುವ ಯಂತ್ರದ ಬಾಯಿಗೆ ಬಗ್ಗಿಸುವ ಒಂದು ಲಿಫ್ಟಿತ್ತು. ಹಿಟ್ಟು ತುಂಬಿದ ಉಕ್ಕಿನ ತೊಟ್ಟಿಯೆಂದರೆ ಇಬ್ಬರು ಆಳಿನ ತೂಕ. ಅಷ್ಟೂ ಭಾರ ಜೋತುಬಿದ್ದದ್ದು ಒಂದು ಚೈನಿಗೆ. ಆ ಚೈನನ್ನು ಅಳತೆಗೆ ಕತ್ತರಿಸಿ ಕೂಡಿಸಿಕೊಟ್ಟವರು ವಿಶಾಲಾಕ್ಷಿ. ಅದರ ಕೆಳಗೆ ನಿಂತು, ಅಂಚಿಗೆ ಮೆತ್ತಿದ ಹಿಟ್ಟನ್ನು ಕೆರೆದು ಒಳಗೆ ತಳ್ಳುತ್ತಿದ್ದವರು ವಿಜಯಾ, ನಂಜನಗೂಡಿನ ಹೆಂಗಸು, ವಿಶಾಲಾಕ್ಷಿಯ ಮನೆಯಿಂದ ಎರಡೇ ಬೀದಿ ಆಚೆಗಿದ್ದವರು. ಇಬ್ಬರಿಗೂ ಒಂದೇ ಬೆಳಗಿನ ಬಸ್ಸು, ಒಂದೇ ಡಬ್ಬಿಯ ಚಿತ್ರಾನ್ನ. ಈ ಪರದೇಶದಲ್ಲಿ ಅಕ್ಕತಂಗಿ ಅಂದರೆ ಅವರೇ.

ಆಯುಧಪೂಜೆಗೆ ಚೈನು ಕೂಡಿಸಿದವರೇ ಬಂದು ಅದಕ್ಕೆ ಪೂಜೆ ಮಾಡಲಿ ಎಂದರು ಕೃಷ್ಣಪ್ರಸಾದ. ವಿಶಾಲಾಕ್ಷಿಯ ಕಣ್ಣು ತುಂಬಿತು. ಅವರ ಕೆಲಸಕ್ಕೋಸ್ಕರ ಅವರನ್ನು ಯಾರಾದರೂ ಕರೆದದ್ದು ಅದೇ ಮೊದಲು. ಹಿಂದಿನ ದಿನ ಸಂಜೆಯೇ ಹೋದರು. ನೋಡಿದರೆ ಚೈನಿಗೆ ಹಿಟ್ಟೂ ಜಿಡ್ಡೂ ಕೂಡಿ ಕರಿಮುದ್ದೆಯಾಗಿ ಮೆತ್ತಿದೆ. ದೇವಿ ಬಂದು ಕೂರುವ ಜಾಗ ಇದೇನಾ ಎಂದುಕೊಂಡರು.

“ಇಷ್ಟು ಹೊಲಸು ಇಟ್ಟು ಪೂಜಾ ಹೆಂಗ ಮಾಡೂದು ಅಂದೆ. ಕ್ಲಿಪ್ ತಗದು ಚೈನ್ ಇಳಿಸಿದೆ. ಮನ್ಯಾಗ ತಾಮ್ರದ ಕೊಡ, ಹಿತ್ತಾಳಿ ದೀಪದ ಸಮೆ, ಎಲ್ಲಾ ಹುಣಸಿಹಣ್ಣಿನ್ಯಾಗ ತಿಕ್ಕತೀವಲ್ರಿ? ಬಕೆಟ್ಟಿನ್ಯಾಗ ಬಿಸಿನೀರು, ದೊಡ್ಡ ಉಂಡಿ ಹುಣಸಿಹಣ್ಣು, ಒಂದು ಹಿಡಿ ಉಪ್ಪು ಹಾಕಿ ಬೆಳತನಕ ನೆನಿ ಇಟ್ಟೆ. ಮುಂಜಾನೆ ವಿಜಯಾ, ನಾ, ಉಳಿದ ಹೆಣ್ಮಕ್ಕಳು ಕೂಡಿ ತಿಕ್ಕಿದಿವಿ. ಬೆಳ್ಳಿ ಕಂಡಂಗ ಕಾಣತಿತ್ರಿ!”

ಚೈನಿನ ಹತ್ತಿರ ಆಸಿಡ್ಡನ್ನು ತರಲೇಬಾರದು ಎಂದು ಡೆರಿಕ್ ಮೊದಲ ವಾರವೇ, ಬುರುಡೆ ಚಿತ್ರದ ಬಾಟ್ಲಿ ತೋರಿಸಿ, ಹೇಳಿಕೊಟ್ಟಿದ್ದ. ಅದನ್ನು ಅವರು ಮರೆತಿರಲಿಲ್ಲ.

“ಆಸಿಡ್ ಅಂದ್ರ ಬಾಟ್ಲಿಯಾಗ ಬರೂದು, ಮ್ಯಾಲೆ ಬುರುಡಿ ಚಿತ್ರ ಇರೂದು ಅಂತ ತಿಳಕೊಂಡಿದ್ದೆ. ಹುಣಸಿಹಣ್ಣು ಸಾರಿಗೆ ಹಾಕೂದಲ್ರಿ? ಅದು ಆಸಿಡ್ ಅಂತ ಯಾರಿಗೆ ಹೊಳಿಬೇಕು?”

ಯಾರಿಗೂ ಹೊಳೆಯಲಿಲ್ಲ. ತಿನ್ನುವ ಪದಾರ್ಥ ಮಾಡುವ ಜಾಗ, ಯಂತ್ರದ ಎಣ್ಣೆಯ ವಾಸನೆ ಚಪಾತಿಗೆ ತಗಲಬಾರದು ಎಂದು ಮಡಿಯಾಗಿ ಕೊಬ್ಬರಿ ಎಣ್ಣೆ ಸವರಿದರು. ಅಕ್ಟೋಬರಿನ ಲಂಡನ್ನಿನಲ್ಲಿ ಕೊಬ್ಬರಿ ಎಣ್ಣೆ ಎಷ್ಟು ಹೊತ್ತು ಎಣ್ಣೆಯಾಗಿರುತ್ತದೆ? ಸ್ವಲ್ಪ ಹೊತ್ತಿನಲ್ಲೇ ಅದು ಬೆಣ್ಣೆಯ ಹಾಗೆ ಬೆಳ್ಳಗೆ ಹೆಪ್ಪುಗಟ್ಟಿ, ಕೊಂಡಿಗಳ ಮೇಲೇ ಕೂತಿತು. ಪಿನ್ನಿಗೂ ಬುಷ್ಷಿಗೂ ನಡುವಿನ ಜಾಗಕ್ಕೆ ಒಂದು ತೊಟ್ಟೂ ಇಳಿಯಲಿಲ್ಲ. ಚೈನನ್ನು ಮತ್ತೆ ಏರಿಸಿ, ಹೊಸ ಕ್ಲಿಪ್ಪನ್ನು ಸರಿಯಾದ ದಿಕ್ಕಿಗೇ ಹಾಕಿ, ಕೊಂಡಿಕೊಂಡಿಗೂ ಕುಂಕುಮವಿಟ್ಟು, ಚೆಂಡುಹೂವಿನ ಮಾಲೆ ಸುತ್ತಿ ಮಂಗಳಾರತಿ ಎತ್ತಿದರು. ಕೃಷ್ಣಪ್ರಸಾದ ಬೂದುಗುಂಬಳಕಾಯಿ ಒಡೆದರು. ಎಲ್ಲರೂ ಚೈನಿಗೆ ಕೈಮುಗಿದರು. ತಮ್ಮ ಬದುಕಿನ ಒಳ್ಳೆಯ ದಿನಗಳಲ್ಲಿ ಅದೊಂದು ಎಂದುಕೊಂಡು ವಿಶಾಲಾಕ್ಷಿ ಮನೆಗೆ ಹೋದರು.

ಆಮೇಲೆ ಅವರಿಗೆ ಜ್ವರ ಬಂದು ಒಂದು ವಾರಕ್ಕೂ ಹೆಚ್ಚು ಮನೆಯಲ್ಲೇ ಮಲಗಿದ್ದರು. ಎದ್ದು ಮೊದಲ ದಿನ ಬೆಳಗಿನ ಬಸ್ಸು ಹತ್ತಿದಾಗ ವಿಜಯಾ ಪಕ್ಕದ ಸೀಟಿನಲ್ಲಿ ಜಾಗ ಹಿಡಿದಿದ್ದರು. ಬಸ್ಸಿನ ಬಿಳಿ ದೀಪದಲ್ಲಿ ವಿಜಯಾಳ ಹಣೆ ನೋಡಿ ವಿಶಾಲಾಕ್ಷಿಗೆ ಏನೋ ಸರಿಕಾಣಲಿಲ್ಲ. ಬೊಟ್ಟು ದೊಡ್ಡದಾಗಿಯೇ ಇತ್ತು. ಬಣ್ಣ ಮಾತ್ರ ಕುಂಕುಮದ್ದಲ್ಲ, ಇಟ್ಟಿಗೆ ಪುಡಿಯ ಹಾಗೆ ಕಂದು.

“ಇದ್ಯಾವ ಕುಂಕುಮ ವಿಜಯಾ? ಬಣ್ಣ ಹಿಂಗ್ಯಾಕೈತಿ?”

“ನಿಮ್ಮ ಚೈನಿಂದೇ ಅಕ್ಕ,” ಎಂದರು ವಿಜಯಾ, ಮುಖವರಳಿಸಿ. “ಪೂಜೆ ದಿನ ಇಟ್ರಲ್ಲ, ಇನ್ನೂ ಬರ್ತಾನೇ ಇದೆ. ದಿನಾ ಬೆಳಗ್ಗೆ ಒಂದು ಚಿಟಿಕೆ ತಗೊಂಡು ಹಣೆಗಿಟ್ಕೊಂಡೇ ನಾವೆಲ್ಲ ಕೆಲಸಕ್ಕೆ ನಿಲ್ಲೋದು.”

“ಬರ್ತಾನೇ ಐತಿ ಅಂದ್ರ? ಎಲ್ಲಿಂದ?”

“ಕೊಂಡಿ ಸಂದಿಯಿಂದ. ಒರೆಸಿದ್ರೂ ಮಾರನೇ ದಿನ ಮತ್ತೆ ಬಂದಿರತ್ತೆ. ತಾಯಿ ನಮ್ಮ ಮೇಲೆ ಕಣ್ಣಿಟ್ಟಿದ್ದಾಳೆ ಅಂತ ಸಾಹೇಬ್ರೂ ಅಂತಾರೆ.”

ವಿಶಾಲಾಕ್ಷಿ ಬೆರಳನ್ನು ವಿಜಯಾಳ ಹಣೆಗೆ ಒತ್ತಿ, ಹೆಬ್ಬೆರಳಿನ ಜೊತೆ ತಿಕ್ಕಿ ನೋಡಿದರು. ಮರಳಿನ ಹಾಗೆ ಗೊರಗೊರ ಎಂದಿತು. ಮೂಸಿದರು. ಕಬ್ಬಿಣದ ವಾಸನೆ.

ಚೈನಿನ ಒಳಗೆ ಎಣ್ಣೆಯಿಲ್ಲದೆ ಪಿನ್ನೂ ಬುಷ್ಷೂ ಒಂದನ್ನೊಂದು ತಿನ್ನುತ್ತ, ಆ ತುಕ್ಕನ್ನು ಹೊರಗೆ ಉಗುಳುತ್ತಿವೆ. ಅದನ್ನು ಈ ಹೆಂಗಸರು ದೇವಿಯ ಪ್ರಸಾದವೆಂದು ಹಣೆಗಿಟ್ಟುಕೊಂಡು, ಅದೇ ಚೈನಿನ ಕೆಳಗೆ ದಿನವಿಡೀ ನಿಲ್ಲುತ್ತಿದ್ದಾರೆ! ಆ ಬಸ್ಸಿನಲ್ಲಿ ಕೂತಿದ್ದವರ ಪಾಡು ಏನಾಗಿರಬೇಡ.

ಚಪಾತಿ ಕಾರ್ಖಾನೆಯ ಸ್ಟಾಪು ಬಂದ ಕೂಡಲೇ ವಿಶಾಲಾಕ್ಷಿ ಇಳಿದು ಓಡಿದರು. ಏನು ಎತ್ತ ತಿಳಿಯದೆ ವಿಜಯಾ ಹಿಂದೆ ಓಡಿದರು. ಒಳಗೆ ಹೋಗುವಷ್ಟರಲ್ಲಿ ಲಿಫ್ಟು ಏರುತ್ತಿದೆ. ವಿಜಯಾ ಇನ್ನೂ ಬಂದಿಲ್ಲವೆಂದು ಕೃಷ್ಣಪ್ರಸಾದರೇ ಹಿಟ್ಟು ಕೆರೆಯುವ ಪಟ್ಟಿ ಹಿಡಿದು ಅದರ ಕೆಳಗೆ ನಿಂತಿದ್ದಾರೆ. ತುಂಬಿದ ತೊಟ್ಟಿ ಅವರ ತಲೆಯ ನೇರಕ್ಕಿದೆ. ವಿಶಾಲಾಕ್ಷಿ ಗೋಡೆಯ ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದರು.

“ಏನ್ರೀ ಇದು, ಬೆಳಬೆಳಗ್ಗೆ? ಮೇಲೆ ಹಿಟ್ಟಿದೆ!”

“ಸರೀರಿ ಅಲ್ಲಿಂದ!” ಎಂದು ಕಿರುಚಿ, ಅವರ ತೋಳು ಹಿಡಿದು ಎಳೆದರು. ಎಳೆದ ರಭಸಕ್ಕೆ ಇಬ್ಬರೂ ಹಿಟ್ಟಿನ ಮೂಟೆಗಳ ಮೇಲೆ ಬಿದ್ದರು.

ತೊಟ್ಟಿಯ ಕೆಳಗೆ ಫೋರ್ಕ್‌ಲಿಫ್ಟು ತಂದು ಆಸರೆ ಕೊಟ್ಟ ಮೇಲೆ ವಿಶಾಲಾಕ್ಷಿ ಏಣಿ ಹತ್ತಿ ಕ್ಲಿಪ್ಪು ತೆಗೆದರು. ಚೈನು ಕೆಳಗಿಳಿದು ಎಲ್ಲರ ನಡುವೆ ಬಿತ್ತು. ಹಾವಿನ ಹಾಗೆ ಸುರುಳಿಯಾಗಬೇಕಾದದ್ದು ಅಲ್ಲಲ್ಲಿ ಮಡಿಸಿಕೊಳ್ಳದೆ ಕೋಲಿನಂತೆ ಸೆಟೆದು ನಿಂತಿತ್ತು. ಅಂಥ ಒಂದು ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಲು ನೋಡಿದರು. ಅದು ಬಗ್ಗಲಿಲ್ಲ. ಇನ್ನೊಮ್ಮೆ ಬಲ ಹಾಕಿದಾಗ ಉಕ್ಕಿನ ಪಟ್ಟಿ ಹಪ್ಪಳ ಮುರಿದ ಹಾಗೆ ಲಟಕ್ಕೆಂದು ಮುರಿದು ಅವರ ಅಂಗೈಯಲ್ಲಿ ಕೂತಿತು.

ಕೃಷ್ಣಪ್ರಸಾದರು ಮೇಲಿನ ತೊಟ್ಟಿಯನ್ನೊಮ್ಮೆ, ತಾವು ನಿಂತಿದ್ದ ಜಾಗವನ್ನೊಮ್ಮೆ ನೋಡಿದರು. ಇದು ಕುಂಕುಮವಲ್ಲ, ತುಕ್ಕು ಎಂದು ವಿಶಾಲಾಕ್ಷಿ ಹೇಳಿದರು. ಒಬ್ಬೊಬ್ಬರಾಗಿ ಹೆಂಗಸರು ಅಂಗಿಯ ತೋಳಿನಿಂದ ಹಣೆ ಒರೆಸಿಕೊಳ್ಳತೊಡಗಿದರು. ವಿಜಯಾ ಮಾತ್ರ ಕೈ ಎತ್ತಲಿಲ್ಲ. ಮುರಿದ ಪಟ್ಟಿಯನ್ನೇ ನೋಡುತ್ತ ನಿಂತಿದ್ದರು.

“ಆ ಡೆರಿಕ್ ಕಳಪೆ ಮಾಲು ಕೊಟ್ಟಿದ್ದಾನೆ ಕಣ್ರೀ,” ಎಂದರು ಕೃಷ್ಣಪ್ರಸಾದ. “ಕೌನ್ಸಿಲ್‌ನವರಿಗೆ ದೂರು ಕೊಡ್ತೀನಿ, ಸುಮ್ನೆ ಬಿಡಲ್ಲ. ಇವತ್ತು ನೀವು ಬರದೇ ಇದ್ದಿದ್ರೆ ನಮ್ಮ ಗತಿ ಏನು? ದೇವರ ಹಾಗೆ ಬಂದ್ರಿ.”

ಹೊಗಳಿಕೆ ಕೇಳಿದರೂ ವಿಶಾಲಾಕ್ಷಿ ಅಲ್ಲಿ ನಿಲ್ಲಲಿಲ್ಲ. ಚೈನನ್ನು ಚೀಲಕ್ಕೆ ತುಂಬಿಕೊಂಡು ಶೆಡ್ಡಿಗೆ ಬಂದರು. ಡೆರಿಕ್ ಕಣ್ಣಿಗೆ ಮಸೂರ ಹಿಡಿದು ಒಂದೊಂದೇ ಕೊಂಡಿಯನ್ನು ನೋಡುತ್ತ ಹೋದ. ಹೆಚ್ಚುಕಮ್ಮಿ ಎಲ್ಲ ಪಟ್ಟಿಗಳಲ್ಲೂ ಕೂದಲೆಳೆಯಂಥ ಬಿರುಕು. ಇದನ್ನು ಯಾತರಲ್ಲಿ ತೊಳೆದರು ಎಂದು ಕೇಳಿದ. ಹುಣಸೆಹಣ್ಣಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ವಿಶಾಲಾಕ್ಷಿಗೆ ಗೊತ್ತಿರಲಿಲ್ಲ. ಬೀದಿಯ ತುದಿಯ ಗುಜರಾತಿ ಅಂಗಡಿಯಿಂದ ಒಂದು ಪೊಟ್ಟಣ ತಂದು ಮುಂದಿಟ್ಟರು. ಡೆರಿಕ್ ಚಿವುಟಿ ನಾಲಗೆಗೆ ಇಟ್ಟುಕೊಂಡ. ಮುಖ ಮುದುಡಿತು. ಇದು ಆಸಿಡ್ಡೇ ಎಂದ.

ಅವನು ಬಿಡಿಸಿ ಹೇಳಿದಂತೆ, ಗಟ್ಟಿ ಮಾಡಿದ ಉಕ್ಕನ್ನು ಹುಳಿಯಲ್ಲಿ ನೆನೆಹಾಕಿದರೆ ಮೇಲೆ ಹೊಳಪು ಬರುತ್ತದೆ, ಒಳಗೆ ಉಕ್ಕು ಪೆಡಸಾಗುತ್ತದೆ. ಭಾರ ಹೊತ್ತು ಕೆಲವು ದಿನ ನಿಂತ ಮೇಲೆ ಹೇಳದೆ ಕೇಳದೆ ಸೀಳುತ್ತದೆ. ಅದರ ಮೇಲೆ ಎಣ್ಣೆಯೂ ಇಲ್ಲ. ಇಷ್ಟು ದಿನ ತಡೆದದ್ದೇ ಹೆಚ್ಚು. ಹೇಳಿ ಮುಗಿಸಿದವನು ವಿಶಾಲಾಕ್ಷಿಯ ಮುಖ ನೋಡಿ ಮೆತ್ತಗಾದ. ಹೊಸ ಚೈನನ್ನು ಬಿಟ್ಟಿಯಾಗಿ ಕೊಡುತ್ತೇನೆ, ತಪ್ಪು ನನ್ನ ಮಾಲಿನದ್ದೇ ಎಂದುಬಿಡುತ್ತೇನೆ, ನೀನು ಸುಮ್ಮನಿರು ಎಂದ. ಮನೆಗೆ ಹೋದರೆ ಬಸವಂತಪ್ಪನವರದ್ದೂ ಅದೇ ರಾಗ. “ಏನೂ ಆಗಿಲ್ಲಲ್ಲ? ಎಲ್ಲಾರೂ ಉಳದಾರ. ಈಗ ಹೋಗಿ ನಿನ್ನ ಕೊಳ್ಳಿಗೆ ನೀನ ಹಗ್ಗ ಹಾಕ್ಕೋತಿಯೇನು?”

ಡೆರಿಕ್ ಮತ್ತು ಗಂಡನನ್ನು ಬಿಟ್ಟು ಮೂರನೆಯವರಿಗೆ ಇದು ಗೊತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಇವತ್ತಿಗೂ ಕಿಂಗ್ಸ್‌ಬರಿಯಲ್ಲಿ ಅವರು ದೇವರ ಹಾಗೆ ಬಂದವರೇ. ಆದರೆ ಮರುದಿನ ಬೆಳಿಗ್ಗೆ ಚಪಾತಿ ಕಾರ್ಖಾನೆಗೆ ಹೋಗಿ, ಎಲ್ಲ ಹೆಂಗಸರೂ ಇರುವಾಗಲೇ ವಿಜಯಾಳ ಮುಂದೆ ನಿಂತರು.

“ಡೆರಿಕ್‌ಂದು ಏನೂ ತಪ್ಪಿಲ್ಲ. ಚೈನ್ ಕೆಡಿಸಿದಾಕಿ ನಾನು. ನಾ ಹಾಕಿದ ಹುಣಸಿಹಣ್ಣು, ನಾ ಹಚ್ಚಿದ ಕೊಬ್ರಿ ಎಣ್ಣಿ. ನಿನ್ನ ಕೊಲ್ಲಾಕ ಬಂದಿದ್ದೆ ವಿಜಯಾ, ನನಗೂ ಗೊತ್ತಿರಲಿಲ್ಲ.”

ಕ್ಷಮಿಸು ಎನ್ನುವ ಮಾತು ಬಾಯಿಗೆ ಬಂದಿತ್ತಂತೆ. ಅಷ್ಟರಲ್ಲಿ ವಿಜಯಾ ತಲೆಗೆ ಕಟ್ಟಿದ ಬಲೆಟೊಪ್ಪಿಗೆ ಕಿತ್ತು, ಒಂದೂ ಮಾತಾಡದೆ ಹೊರಟುಹೋದರು. ಮಾರನೆಯ ದಿನ ಬಸ್ಸಿನಲ್ಲಿ ಮೇಲಿನ ಅಂತಸ್ತು ಹತ್ತಿದರು. ಆ ಚಳಿಗಾಲವಿಡೀ ಹಾಗೆಯೇ. ಕೆಳಗೆ ವಿಶಾಲಾಕ್ಷಿ ಪಕ್ಕದ ಸೀಟಿನ ಮೇಲೆ ಚೀಲವಿಟ್ಟು ಜಾಗ ಹಿಡಿಯುವುದು, ಆ ಸೀಟು ಕೊನೆಯ ಸ್ಟಾಪಿನವರೆಗೂ ಖಾಲಿ ಹೋಗುವುದು. ಒಂದೇ ಡಬ್ಬಿ ಹಂಚಿಕೊಂಡವರು ಹೀಗೆ ದೂರವಾದದ್ದನ್ನು ಹೇಳುವಾಗ ವಿಶಾಲಾಕ್ಷಿ ಮುಖ ಆ ಕಡೆ ತಿರುಗಿಸುತ್ತಾರೆ.

ಮುಂದಿನ ದಸರೆ ಬಂದಾಗ ಅವರಿಗೆ ಇನ್ನೊಂದು ಭಯ ಹತ್ತಿತು. ತಮಗೆ ಹೊಳೆಯದ್ದು ಬೇರೆಯವರಿಗೆ ಹೊಳೆದಿರುತ್ತದೆ ಎಂದು ಏನು ಖಾತರಿ? ವೆಂಬ್ಲಿ, ಕಿಂಗ್ಸ್‌ಬರಿ, ಹೌನ್ಸ್ಲೋ ಕಡೆಗಳಲ್ಲಿ ನಮ್ಮವರು ನಡೆಸುವ ಹಪ್ಪಳದ, ಖಾರಾ ಬೂಂದಿಯ, ಮಿಠಾಯಿಯ ಸಣ್ಣ ಕಾರ್ಖಾನೆಗಳು ಎಷ್ಟಿಲ್ಲ? ನವರಾತ್ರಿಯ ಮೊದಲ ವಾರ ಶೆಡ್ಡಿನ ಕೆಲಸ ಮುಗಿಸಿ, ಎಣ್ಣೆಯ ಕ್ಯಾನು ಹಿಡಿದು ಬಸ್ಸಿನಲ್ಲಿ ಸುತ್ತತೊಡಗಿದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಪೂಜೆ ಬೇಡ ಎನ್ನಲು ಬಂದವಳು ಎಂದು ಒಬ್ಬರು ಬೈದರು. ಆದರೂ ಪ್ರತಿ ವರ್ಷ ಹೋಗುವುದನ್ನು ಅವರು ಬಿಟ್ಟಿಲ್ಲ.

“ಪೂಜಾ ಮಾಡ್ರಿ, ಯಾರು ಬ್ಯಾಡ ಅಂತಾರ? ಹೂವು, ಕುಂಕುಮ ಮೋಟರಿನ ಮ್ಯಾಲೆ ಹಾಕ್ರಿ, ಚೈನ್ ಮುಚ್ಚಿದ ತಗಡಿಗೆ ಹಾಕ್ರಿ. ಚೈನಿಗೆ ಮಾತ್ರ ಸ್ನಾನ ಬ್ಯಾಡ, ಹಣಿಬೊಟ್ಟು ಬ್ಯಾಡ. ಅದಕ್ಕ ಬೇಕಾದ್ದು ಎಣ್ಣಿ. ಅದೂ ರೋಲರಿನ ಮ್ಯಾಲೆ ಸುರಿಯೂದಲ್ಲ. ಯಂತ್ರ ನಿಂತಾಗ ಕೆಳಗಿನ ಸಾಲಿನ ಪಟ್ಟಿ ಸಂದಿಗೆ ಬಿಡಬೇಕು, ಸಾವಕಾಶ ಒಳಗ ಇಳಿಬೇಕು. ಕೊಂಡಿ ಬಾಜೂಕ ಕಂದು ಬಣ್ಣ ಕಂಡಿತು ಅಂದ್ರ ಕೈಮುಗಿಬ್ಯಾಡ್ರಿ, ಯಂತ್ರ ನಿಲ್ಲಸ್ರಿ.”

ಹಾಗೆ ಸುತ್ತಿದ ಮೊದಲ ವರ್ಷ ಅವರು ಹೋಗದೆ ಉಳಿದ ಬಾಗಿಲು ಒಂದೇ, ಕೃಷ್ಣಪ್ರಸಾದರದ್ದು. ಹೋಗಲು ಕಾಲೇಳಲಿಲ್ಲ. ಅಲ್ಲಿಯವರು ಡೆರಿಕ್‌ನ ಅಂಗಡಿಯನ್ನೂ ಬಿಟ್ಟು ಬೇರೆ ದೊಡ್ಡ ಅಂಗಡಿಯಿಂದ ತರಿಸುತ್ತಾರೆ ಎಂಬ ಸುದ್ದಿ ಬಂದಿತ್ತು. ಒಂದು ಬೆಳಿಗ್ಗೆ ಶೆಡ್ಡಿನ ಫೋನು ರಿಂಗಾಯಿತು. ಆ ಕಡೆ ಕೃಷ್ಣಪ್ರಸಾದ.

“ಬಂದು ಹೋಗ್ತೀರಾ? ಹೊಸ ಚೈನು ಬಂದಿದೆ, ಹಾಕೋಕೆ ಫಿಟ್ಟರ್ ಕೂಡ ಬಂದು ನಿಂತಿದ್ದಾನೆ. ವಿಜಯಮ್ಮ ಅವನನ್ನ ಮುಟ್ಟೋಕೇ ಬಿಡ್ತಿಲ್ಲ.”

ವಿಶಾಲಾಕ್ಷಿ ಹೋದಾಗ ಬಿಳಿಯ ಫಿಟ್ಟರು ಒಂದು ಮೂಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದ. ಚೈನು ಪೆಟ್ಟಿಗೆಯಲ್ಲೇ ಇತ್ತು. ಲಿಫ್ಟಿಗೆ ಅಡ್ಡಲಾಗಿ ಕೈಕಟ್ಟಿ ನಿಂತಿದ್ದರು ವಿಜಯಾ. ಕೃಷ್ಣಪ್ರಸಾದರು ಎಲ್ಲರ ಎದುರಿಗೇ ಕೇಳಿದರು: “ಹೋದ ಸಲ ಹಾಳು ಮಾಡಿದವರು ಇವರೇ ಅಲ್ವೇನಮ್ಮಾ? ಇವರೇ ಯಾಕೆ ಬೇಕು ನಿಮಗೆ?”

“ಇವರೇ ಬೇಕು,” ಎಂದರು ವಿಜಯಾ. “ಹಾಳು ಮಾಡಿದ್ದನ್ನ ನನ್ನ ಮುಂದೆ ಬಂದು ಹೇಳಿದ್ದು ಇವರೊಬ್ಬರೇ. ಆ ಫಿಟ್ಟರ್ ತಪ್ಪು ಮಾಡಿದ್ರೆ ನನಗೆ ಯಾರು ಹೇಳ್ತಾರೆ ಸಾರ್?”

ಆಮೇಲೆ ವಿಶಾಲಾಕ್ಷಿಯ ಕಡೆ ತಿರುಗಿ, ಒಂದು ವರ್ಷದ ನಂತರ ಮೊದಲ ಮಾತು ಆಡಿದರು. “ಹಾಕಿ ಅಕ್ಕ. ನೀವು ಹಾಕಿ ಮುಗಿಸೋವರೆಗೂ ನಾನು ಇಲ್ಲೇ ಇರ್ತೀನಿ.”

ಎಂಟು ಗಂಟೆಗೆ ಹತ್ತು ನಿಮಿಷವಿರುವಾಗಲೇ ಹೌನ್ಸ್ಲೋದ ವ್ಯಾನು ಬಂದು ಹಾರನ್ನು ಹೊಡೆಯುತ್ತದೆ. ವಿಶಾಲಾಕ್ಷಿ ಕಂಬಳಿ ಯಂತ್ರದ ಚೈನನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಕ್ಲಿಪ್ಪು ಹಾಕುವ ದಿಕ್ಕನ್ನು ಚಾಲಕನಿಗೆ ಬೆರಳಿನಲ್ಲಿ ತೋರಿಸಿ ಕಳಿಸುತ್ತಾರೆ. ಅವನು ಹೂಂ ಎಂದು ಅರ್ಧ ಕೇಳಿಸಿಕೊಂಡು ಹೊರಡುತ್ತಾನೆ. ಇಷ್ಟು ವರ್ಷದ ಕೆಲಸಕ್ಕೆ ಯಾರಾದರೂ ಒಂದು ಒಳ್ಳೆಯ ಮಾತು ಆಡಿದ್ದುಂಟೇ ಎಂದು ಕೇಳಿದರೆ ನಗುತ್ತಾರೆ.

“ಶಹಬ್ಬಾಸ್ ಅಂತ ಯಾರೂ ಅಂದಿಲ್ರಿ. ವಿಜಯಾನೂ ಅಂದಿಲ್ಲ. ಚೈನ್ ಹಾಕು ಅಂದ್ಲು.”